ತಂಗಿಗೆ ಕೊಡದೆ ಇಟ್ಟುಕೊಂಡ ಚೀಟಿ

ಮೊದಲೇ ಹೇಳಿಬಿಡ್ತೀನಿ, ಆಮೇಲೆ ಬೇಜಾರು ಮಾಡ್ಕೋಬೇಡ್ರಿ. ಕಾಯಿಲೆ ಬಂದು ನಾನು ಒಳ್ಳೆಯವಳಾಗಲಿಲ್ಲ. ಕ್ಯಾನ್ಸರಿನಿಂದ ಎದ್ದು ಬಂದವರು ಎಷ್ಟೋ ಮಂದಿ ಹೇಳ್ತಾರೆ, ಬದುಕಿನ ಬೆಲೆ ಗೊತ್ತಾಯಿತು, ಎಲ್ಲರ ಮೇಲೂ ಪ್ರೀತಿ ಉಕ್ಕಿತು ಅಂತ. ನನಗೆ ಉಕ್ಕಿದ್ದು ಬರೀ ಹೊಟ್ಟೆಕಿಚ್ಚು. ಬಸ್‌ಸ್ಟ್ಯಾಂಡಿನಲ್ಲಿ ನಿಂತು ಮೆಣಸಿನಕಾಯಿ ಬಜ್ಜಿ ತಿನ್ನುವವರ ಮೇಲೆ, ಪಾಯಿಖಾನೆಗೆ ಹೋಗಿ ಎರಡು ನಿಮಿಷಕ್ಕೆ ಹೊರಗೆ ಬರುವವರ ಮೇಲೆ, ಸೀರೆಯ ನೆರಿಗೆಯನ್ನು ಹೊಕ್ಕುಳ ಕೆಳಗೆ ಆರಾಮವಾಗಿ ಸಿಕ್ಕಿಸುವವರ ಮೇಲೆ. ಎಲ್ಲಕ್ಕಿಂತ ಹೆಚ್ಚಾಗಿ ನನ್ನ ಸ್ವಂತ ತಂಗಿಯ ಮೇಲೆ. ಆ ಉರಿಯಲ್ಲಿ ನಾನೊಂದು ಕೆಲಸ ಮಾಡಿದೆ. ಅದನ್ನು ಹೇಳಿಕೊಳ್ಳಲಿಕ್ಕೇ ಇಷ್ಟೆಲ್ಲ ಬರೆಯುತ್ತಿದ್ದೇನೆ.

ನಮ್ಮೂರು ಸಿಂಧನೂರು. ಅಲ್ಲಿ ಆಂಧ್ರದಿಂದ ಬಂದು ಗದ್ದೆ ಮಾಡಿದವರ ಕ್ಯಾಂಪುಗಳು ಬೇಕಾದಷ್ಟಿವೆ, ಅಂಥ ಒಂದು ಕ್ಯಾಂಪಿಗೆ ಸೋದರಮಾವನ ಮನೆಗೆ ಬಂದುಹೋಗುತ್ತಿದ್ದ ಹುಡುಗನೇ ನನ್ನ ಗಂಡ ರಾಂಬಾಬು. ಮದುವೆಯಾಗಿ ನಾನು ವಿಜಯವಾಡದ ಪಕ್ಕದ ಇಬ್ರಾಹಿಂಪಟ್ನಂಗೆ ಬಂದೆ. ಆತನಿಗೆ ಅಲ್ಲಿ ವಿದ್ಯುತ್ ಸ್ಥಾವರದಲ್ಲಿ ಕಾಂಟ್ರಾಕ್ಟ್ ಮೇಲೆ ಎಲೆಕ್ಟ್ರಿಷಿಯನ್ ಕೆಲಸ. ಮನೆಯಲ್ಲಿ ಅತ್ತೆ, ನಾವಿಬ್ಬರು, ಮಗಳು ಹಾಸಿನಿ. ಮನೆಮಾತು ತೆಲುಗು. ನನ್ನ ಕನ್ನಡ ಫೋನಿನಲ್ಲಿ ಅವ್ವನ ಜತೆ ಮಾತ್ರ.

ನನಗೆ ಮೂವತ್ತೆರಡಿದ್ದಾಗ ರಕ್ತ ಹೋಗಲು ಶುರುವಾಯಿತು. ಎಲ್ಲಿಂದ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಆವಾಗ ಬಿಡಿಸಿ ಹೇಳಿದ್ದರೆ ಎಷ್ಟು ಚೆನ್ನಾಗಿತ್ತು! ಗಂಡನಿಗೆ ಹೇಳಲು ನಾಚಿಕೆ. ಕೊನೆಗೆ ಫೋನಿನಲ್ಲಿ ಅವ್ವನಿಗೆ ಹೇಳಿದೆ. ಅವ್ವ ಒಂದು ಕ್ಷಣವೂ ಯೋಚಿಸಲಿಲ್ಲ. "ಉಷ್ಣ ಆಗೈತಿ ಬಿಡು. ಆ ಆಂಧ್ರದ ಖಾರ ತಿಂದು ತಿಂದು ಕರುಳು ಸುಟ್ಟಾವು. ಮೊಸರನ್ನ ತಿನ್ನು." ಅತ್ತೆಗೂ ಒಂದು ದಿನ ಗೊತ್ತಾಯಿತು. ಆಕೆಯ ತೀರ್ಮಾನವೂ ತಯಾರಿತ್ತು. "ವೇಡಿ ಚೇಸಿಂದಿ," ಅಂದರು, ಅಂದರೆ ಅದೇ ಉಷ್ಣ. ಕಾರಣ ಮಾತ್ರ ಬೇರೆ. "ನಿಮ್ಮ ಆ ಜೋಳದ ರೊಟ್ಟಿ, ಒಣ ಒಣ ಚಟ್ನಿಪುಡಿ. ನಮ್ಮ ಹಾಗೆ ಹೊಟ್ಟೆ ತುಂಬ ಅನ್ನ ತಿಂದಿದ್ದರೆ ಇದೆಲ್ಲ ಎಲ್ಲಿ ಬರ್ತಿತ್ತು!"

ನಗಬೇಡಿ. ಹೀಗೇ ಒಂದು ವರ್ಷ ಹೋಯಿತು. ಎರಡು ಅಡುಗೆಮನೆಗಳ ಜಗಳದಲ್ಲಿ ನನ್ನ ವರ್ಷ ಹೋಯಿತು. ಅವ್ವ ಖಾರ ಬಿಡಿಸಿದಳು, ಅತ್ತೆ ರೊಟ್ಟಿ ಬಿಡಿಸಿದರು. ನಾನು ಮಜ್ಜಿಗೆ, ಕಾಮಕಸ್ತೂರಿ ಬೀಜ, ಎಳನೀರು ಕುಡಿದುಕೊಂಡು ತೆಳ್ಳಗಾದೆ. ಬೀದಿಯ ಹೆಂಗಸರು, "ಅಬ್ಬಾ, ಸನ್ನಗಾ ಅಯ್ಯಾವ್!" ಅಂದರೆ ನನಗೆ ಒಳಗೊಳಗೇ ಖುಷಿ. ಸಣ್ಣ ಕ್ಲಿನಿಕ್ಕಿನ ಡಾಕ್ಟರರ ಬಳಿಗೂ ಹೋಗಿದ್ದೆ. ಅವರು ಕುರ್ಚಿಯಿಂದ ಏಳದೆಯೇ ಮೂಲವ್ಯಾಧಿ ಅಂದು ಮುಲಾಮು ಬರೆದರು. "ಈ ವಯಸ್ಸಿಗೆ ಇನ್ನೇನಿರ್ತದಮ್ಮಾ," ಅಂದರು.

ಹಾಸಿನಿಯ ಶಾಲೆಯ ವಾರ್ಷಿಕೋತ್ಸವದಲ್ಲಿ ನಾನು ತಲೆ ತಿರುಗಿ ಬಿದ್ದೆ. ಅವಳು ಚಿಟ್ಟೆಯ ವೇಷದಲ್ಲಿ ಸ್ಟೇಜಿನ ಮೇಲಿದ್ದಳು. ವಿಜಯವಾಡದ ಆಸ್ಪತ್ರೆಯಲ್ಲಿ ರಕ್ತ ಏರಿಸಿದರು. ಅಲ್ಲೊಬ್ಬ ಚಿಕ್ಕ ವಯಸ್ಸಿನ ಡಾಕ್ಟರಮ್ಮ, ಕಲಿಕೆ ಇನ್ನೂ ಮುಗಿಯದವಳು, ಪರದೆ ಎಳೆದು ಕೈಗೆ ಗ್ಲೌಸ್ ಹಾಕಿಕೊಂಡಳು. ಅರ್ಧ ನಿಮಿಷದ ಕೆಲಸ. ವರ್ಷಪೂರ್ತಿ ಯಾರೂ ಮಾಡದ ಕೆಲಸ. ಆಕೆಯ ಮುಖ ನೋಡುತ್ತಲೇ ನನಗೆ ಗೊತ್ತಾಗಿಹೋಯಿತು. "ಅಕ್ಕಾ, ಮನೆಯವರು ಹೊರಗಿದ್ದಾರಾ?" ಅಂದಳು.

ಕರುಳಿನ ಕೊನೆಯಲ್ಲಿ ಕ್ಯಾನ್ಸರ್ ಗಡ್ಡೆ. ರೇಡಿಯೇಷನ್ ಮೊದಲು, ಆಪರೇಷನ್ ಆಮೇಲೆ ಅಂತಾಯಿತು. ನಮ್ಮ ಕೈಗೆಟುಕುವ ಕಡೆಯಲ್ಲೆಲ್ಲ ರೇಡಿಯೇಷನ್ ಯಂತ್ರಕ್ಕೆ ತಿಂಗಳುಗಟ್ಟಲೆ ಸರತಿ. ವಿಶಾಖಪಟ್ನಂನಲ್ಲಿ ಬೇಗ ಸಿಗುತ್ತದೆ ಅಂತ ಯಾರೋ ಹೇಳಿದರು. ಅಲ್ಲಿಗೇ ಹೋದೆವು. ದುವ್ವಾಡ ಸ್ಟೇಷನ್ ಹತ್ತಿರ ಒಂದು ರೂಮು ಹಿಡಿದು ನಾನು, ಅತ್ತೆ ಉಳಿದೆವು. ರಾಂಬಾಬು ಕೆಲಸ ಬಿಟ್ಟರೆ ಕೆಲಸವೇ ಇರುವುದಿಲ್ಲ, ಆತ ಇಬ್ರಾಹಿಂಪಟ್ನಂನಲ್ಲೇ ಇರಬೇಕು. ಐದು ವರ್ಷದ ಹಾಸಿನಿಯನ್ನು ಯಾರು ನೋಡಿಕೊಳ್ಳಬೇಕು? ಅವ್ವನಿಗೆ ಮಂಡಿನೋವು. ಆಗ ಬಂದವಳು ನನ್ನ ತಂಗಿ ಸವಿತಾ.

ಸವಿತಾ ನನಗಿಂತ ಆರು ವರ್ಷ ಚಿಕ್ಕವಳು. ಸಿಂಧನೂರಿನ ಒಂದು ಕಾನ್ವೆಂಟಿನಲ್ಲಿ ಟೀಚರ್. ಮದುವೆ ಇನ್ನೂ ಆಗಿರಲಿಲ್ಲ, ಅವ್ವ ವರ ಹುಡುಕುತ್ತಿದ್ದಳು. ನನ್ನ ಸುದ್ದಿ ಕೇಳಿ ಮರುದಿನವೇ ಕೆಲಸಕ್ಕೆ ರಾಜೀನಾಮೆ ಕೊಟ್ಟು, ಒಂದು ಬ್ಯಾಗು ಹಿಡಿದು ರೈಲು ಹತ್ತಿದಳು. ಈಗ ಬರೆಯುವಾಗ ಅದು ಎಷ್ಟು ದೊಡ್ಡದು ಅಂತ ತಿಳಿಯುತ್ತದೆ. ಆವಾಗ ನನಗೆ ಕಂಡದ್ದು ಅವಳ ಮೊಣಕಾಲುದ್ದದ ಜಡೆ. ರಕ್ತ ಹೋಗಿ ಹೋಗಿ ನನ್ನ ಕೂದಲು ಆಗಲೇ ಬಾಚಣಿಗೆಗೆ ಬರುತ್ತಿತ್ತು.

ವಿಶಾಖಪಟ್ನಂ ಆಸ್ಪತ್ರೆಯ ಕಾಯುವ ಕೋಣೆಯಲ್ಲಿ ನಾನು ಕಳೆದಷ್ಟು ಹೊತ್ತು ನನ್ನ ಮದುವೆ ಮನೆಯಲ್ಲೂ ಕಳೆದಿರಲಿಕ್ಕಿಲ್ಲ. ಮೊದಲ ದಿನ ಕುರ್ಚಿ ಖಾಲಿ ಇರಲಿಲ್ಲ, ಗೋಡೆಗೆ ಒರಗಿ ನಿಂತಿದ್ದೆ. ಶ್ರೀಕಾಕುಳಂ ಕಡೆಯ ಒಬ್ಬ ನಿವೃತ್ತ ಮೇಷ್ಟ್ರು, ಎಪ್ಪತ್ತು ದಾಟಿದವರು, ಪಂಚೆ ಸರಿಮಾಡಿಕೊಳ್ಳುತ್ತಾ ಕೇಳಿದರು: "ಯಾರಿಗಮ್ಮಾ? ಮಾವಗಾರಿಗಾ?"

ನಾನು ಯಾರನ್ನೋ ಕರೆದುಕೊಂಡು ಬಂದ ಸೊಸೆ ಅಂತ ಅವರು ತಿಳಿದಿದ್ದರು. ತಪ್ಪೇನಿಲ್ಲ, ಅಲ್ಲಿ ನನ್ನ ವಯಸ್ಸಿನವರೆಲ್ಲ ಯಾರನ್ನೋ ಕರೆದುಕೊಂಡು ಬಂದವರೇ. "ನನಗೇ," ಅಂದೆ. ಆ ಮುದುಕರು ಎದ್ದು ನಿಂತು ತಮ್ಮ ಕುರ್ಚಿ ಕೊಟ್ಟರು. ಬೇಡ ಅಂದರೂ ಕೇಳಲಿಲ್ಲ. ಕುರ್ಚಿಯಲ್ಲಿ ಕೂತು ನಾನು ಏನು ಯೋಚಿಸಿದೆ ಗೊತ್ತಾ? ಇವರಿಗೆ ಎಪ್ಪತ್ತು ವರ್ಷ ಸಿಕ್ಕಿತಲ್ಲ, ನಿಂತರೇನಂತೆ ಅಂತ. ಅಂಥ ಒಳ್ಳೆಯ ಮನುಷ್ಯನ ಮೇಲೂ ನನಗೆ ಉರಿಯಿತು. ಆಮೇಲೆ ದಿನವೂ ಅವರು ನನಗೊಂದು ಜಾಗ ಹಿಡಿದಿಡುತ್ತಿದ್ದರು, ಕರ್ಚೀಫು ಹಾಸಿ.

ಸಂಜೆ ವಿಡಿಯೋ ಕಾಲ್. ಫೋನಿನಲ್ಲಿ ಹಾಸಿನಿಯ ಎರಡು ಜಡೆ, ಎರಡಕ್ಕೂ ಕನಕಾಂಬರ. ನಾನು ಎಂದೂ ಅಷ್ಟು ಚೆಂದ ಜಡೆ ಹೆಣೆದವಳಲ್ಲ, ಬೆಳಗಿನ ಗಡಿಬಿಡಿಯಲ್ಲಿ ರಬ್ಬರ್ ಬ್ಯಾಂಡ್ ಸಿಕ್ಕಿಸಿ ಕಳಿಸುತ್ತಿದ್ದೆ. "ಪಿನ್ನಿ ಹಾಕಿದ್ದು," ಅನ್ನುತ್ತಿದ್ದಳು ಮಗಳು. ಚಿಕ್ಕಮ್ಮನಿಗೆ ತೆಲುಗಿನಲ್ಲಿ ಪಿನ್ನಿ. ಪಿನ್ನಿ ದೋಸೆ ಮಾಡಿದಳು, ಪಿನ್ನಿ ಕಥೆ ಹೇಳಿದಳು, ಪಿನ್ನಿ ಹತ್ರ ಮಲಗಿದೆ. ಮೊದಮೊದಲು ದಿನವೂ, "ಅಮ್ಮಾ ಯಾವಾಗ ಬರ್ತೀಯಾ?" ಅಂತ ಕೇಳುತ್ತಿದ್ದಳು. ಮೂರನೇ ವಾರಕ್ಕೆ ಕೇಳುವುದನ್ನು ಬಿಟ್ಟಳು. ಅತ್ತೆ, "ನೋಡು, ಹಟ ಮಾಡ್ತಿಲ್ಲ, ಎಷ್ಟು ಜಾಣೆ," ಅಂದರು. ನನಗೆ ಆ ಜಾಣತನ ಬೇಕಾಗಿರಲಿಲ್ಲ.

ಆಪರೇಷನ್ ಆಯಿತು. ಗಡ್ಡೆ ತೀರ ಕೆಳಗಿದ್ದುದರಿಂದ ಹಿಂದಿನ ದಾರಿಯನ್ನೇ ಹೊಲಿದು ಮುಚ್ಚಿದರು, ಹೊಟ್ಟೆಯ ಎಡಕ್ಕೆ ಹೊಸ ದಾರಿ ಮಾಡಿ ಚೀಲ ಅಂಟಿಸಿದರು. ಕೊನೆಯವರೆಗೂ ಇದೇ. ಎಚ್ಚರವಾದ ಮೇಲೆ ಮೂರು ದಿನ ನಾನು ಆ ಕಡೆ ನೋಡಲೇ ಇಲ್ಲ. ನಾಲ್ಕನೇ ದಿನ ವಾರ್ಡಿನ ಆಯಾ ಪೈಡಮ್ಮ ಬಂದು ಹೊದಿಕೆ ಸರಿಸಿ, ಗದರಿದಳು. "ಎಷ್ಟು ದಿನ ಮುಖ ತಿರುಗಿಸ್ತೀಯಮ್ಮಾ? ಇದೂ ನಿನ್ನ ಕೂಸೇ ಅಂದ್ಕೋ. ಹೊತ್ತಿಲ್ಲ ಗೊತ್ತಿಲ್ಲ, ಒದ್ದೆ ಮಾಡ್ಕೊಳ್ತದೆ, ಒರೆಸಿದರೆ ಸುಮ್ಮನಾಗ್ತದೆ." ಅವಳೇ ಕೈಹಿಡಿದು ಚೀಲ ಖಾಲಿ ಮಾಡಲು, ಸುತ್ತಲಿನ ಚರ್ಮ ಒಣಗಿಸಲು ಕಲಿಸಿದಳು. ಮೂಗು ಮುಚ್ಚಿಕೊಳ್ಳಲಿಲ್ಲ, ಮುಖ ಸಿಂಡರಿಸಲಿಲ್ಲ. ಅವಳ ಆ ಮುಖವನ್ನು ನಾನು ಸಾಯುವತನಕ ಮರೆಯುವುದಿಲ್ಲ.

ಬಿಡುಗಡೆಯಾಗುವ ದಿನ ಸರ್ಜನ್ ಮೇಡಂ ಕೇಳಿದರು, "ಒಡಹುಟ್ಟಿದವರು ಎಷ್ಟು ಜನ?"

"ಒಬ್ಬಳು ತಂಗಿ."

"ವಯಸ್ಸು?"

"ಇಪ್ಪತ್ತೇಳು."

"ಆಕೆಗೆ ಕೊಲೊನೊಸ್ಕೋಪಿ ಮಾಡಿಸಬೇಕು, ತಂತಿ ಬಿಟ್ಟು ಕರುಳಿನ ಒಳಗೆ ನೋಡುವ ಪರೀಕ್ಷೆ. ತೊಂದರೆ ಇದ್ದರೂ ಇಲ್ಲದಿದ್ದರೂ. ಇಷ್ಟು ಚಿಕ್ಕ ವಯಸ್ಸಿಗೆ ನಿಮಗೆ ಬಂದಿದೆ ಅಂದರೆ ರಕ್ತಸಂಬಂಧದವರು ನಿಮ್ಮ ವಯಸ್ಸಿಗೆ ಹತ್ತು ವರ್ಷ ಮೊದಲಿಂದಲೇ ನೋಡಿಸಿಕೊಳ್ಳಬೇಕು. ಅಂದರೆ ಆಕೆಗೆ ಆಗಲೇ ತಡವಾಗಿದೆ." ಒಂದು ಚೀಟಿಯಲ್ಲಿ ಬರೆದು, ತಾರೀಕು ಹಾಕಿ, ಸಹಿ ಮಾಡಿ ಕೊಟ್ಟರು. ಅತ್ತೆ ಔಷಧಿ ಅಂಗಡಿಗೆ ಹೋಗಿದ್ದರು, ಕೇಳಿದವಳು ನಾನೊಬ್ಬಳೇ. ಚೀಟಿಯನ್ನು ಫೈಲಿನ ತೀರ ಹಿಂದಿನ ಕವರಿನಲ್ಲಿಟ್ಟೆ.

ದಾರಿಯಲ್ಲೇ ಅವ್ವನಿಗೆ ಫೋನು ಮಾಡಿ ಹೇಳಿದೆ. ಅವ್ವ ಹೌಹಾರಿದಳು. "ಬಾಯಿ ಬಿಡಬ್ಯಾಡ! ಮಂದಿಗೆ ನಿಂದು ಮೂಲವ್ಯಾಧಿ ಆಪರೇಷನ್ ಅಂತ ಹೇಳೀನಿ. ಈಗ ಅಕಿನ್ನೂ ಟೆಸ್ಟಿಗೆ ಕರ್ಕೊಂಡು ಹೋದ್ರ ಮನಿತನದ ರೋಗ ಅಂತಾರ. ಯಾರು ಮಾಡ್ಕೋತಾರ ಅಕಿನ್ನ? ಲಗ್ನ ಆಗ್ಲಿ, ಆಮ್ಯಾಲೆ ನೋಡೋಣು."

ಆತು, ಅಂದೆ. ಅಷ್ಟು ಬೇಗ ಆತು ಅಂದದ್ದು ಯಾಕೆ ಅಂತ ಅವ್ವ ಕೇಳಲಿಲ್ಲ.

ಮನೆಗೆ ಬಂದೆ. ಬಾಗಿಲಲ್ಲಿ ಸವಿತಾ ಹಾಸಿನಿಯನ್ನು ಎತ್ತಿಕೊಂಡು ನಿಂತಿದ್ದಳು. ನನ್ನ ಮಗಳು ನನ್ನನ್ನು ನೋಡಿ ಸ್ವಲ್ಪ ಹೊತ್ತು ತಂಗಿಯ ಹೆಗಲಿಗೆ ಮುಖ ಮುಚ್ಚಿಕೊಂಡಳು. ಆಮೇಲೆ ಕೆಳಗಿಳಿದು ಹತ್ತಿರ ಬಂದು, ನನ್ನ ಸೀರೆಯ ಉಬ್ಬು ನೋಡಿ ಕೇಳಿದಳು: "ಅವ್ವಾ, ಇದ್ರಾಗ ಏನೈತಿ?"

ಅಚ್ಚ ಸಿಂಧನೂರಿನ ಕನ್ನಡ! ಐದು ವರ್ಷ ನಾನು ಅವಳ ಜತೆ ತೆಲುಗನ್ನೇ ಆಡಿದ್ದೆ. ಅತ್ತೆಗೆ ತಿಳಿಯಲ್ಲ, ಶಾಲೆಯಲ್ಲಿ ಬೇಕಾಗಲ್ಲ, ಹೀಗೆ ನೂರು ನೆಪ. ನನ್ನಿಂದಾಗದ್ದನ್ನು ಸವಿತಾ ಐದಾರು ತಿಂಗಳಲ್ಲಿ ಮಾಡಿಟ್ಟಿದ್ದಳು. ನಾನು ಬಿಕ್ಕಿ ಬಿಕ್ಕಿ ಅತ್ತೆ. ಎಲ್ಲರೂ ಖುಷಿಗೆ ಅಂದುಕೊಂಡರು. ಸವಿತಾ ನನ್ನ ಕಣ್ಣೊರೆಸಿ, "ನಿನಗ ಸರ್‌ಪ್ರೈಸ್ ಅಂತ ಕಲಿಸೀನಿ ಅಕ್ಕ," ಅಂದಳು. ನನ್ನ ಮಗಳ ಬಾಯಲ್ಲಿ ನನ್ನ ಊರಿನ ಮಾತು, ಅದೂ ಅವಳ ದಯೆಯಿಂದ ಬರಬೇಕಾಯಿತಲ್ಲ ಅಂತ ನನಗೆ ಮೈಯೆಲ್ಲ ಉರಿ.

ವಿಜಯವಾಡದಲ್ಲಿ ಕೀಮೋ ಶುರುವಾಯಿತು. ಹೋಗಿ ಬಂದ ಮೇಲೆ ನಾಲ್ಕು ದಿನ ನಾನು ಹಾಸಿಗೆಯಲ್ಲಿ. ತಣ್ಣೀರು ಮುಟ್ಟಿದರೆ ಬೆರಳಿಗೆ ಸೂಜಿ ಚುಚ್ಚಿದ ಹಾಗೆ. ಮಲಗಿದಲ್ಲಿಂದಲೇ ಮನೆ ನಡೆಯುವುದನ್ನು ನೋಡುತ್ತಿದ್ದೆ. ನನ್ನ ಒಗ್ಗರಣೆ ಸೌಟು ಅವಳ ಕೈಯಲ್ಲಿ. ಹಾಸಿನಿ ಮಧ್ಯಾಹ್ನ ಮಲಗುವಾಗ ಅವಳ ಹೊಟ್ಟೆಯ ಮೇಲೆ ಕಾಲು ಹಾಕಿಕೊಂಡು ಮಲಗುತ್ತಿದ್ದಳು. ನನ್ನ ಹೊಟ್ಟೆಯ ಮೇಲೆ ಹಾಕುವ ಹಾಗಿಲ್ಲ. ಕೂಸೇ ಒಂದು ಸಲ ಹಾಕಲು ಬಂದು, ನೆನಪಾಗಿ, ಕಾಲು ಹಿಂದಕ್ಕೆ ತೆಗೆದುಕೊಂಡಿತು. ಅದು ಹೆದರಿದ್ದನ್ನು ನೋಡಿ ನಾನು ಗೋಡೆಯ ಕಡೆ ತಿರುಗಿದೆ.

ಇಷ್ಟೇ ಆಗಿದ್ದರೆ ಹೇಗೋ ನುಂಗುತ್ತಿದ್ದೆನೇನೋ. ಒಂದು ದಿನ ಅತ್ತೆಯ ಅಕ್ಕ, ನಾವು ದೊಡ್ಡತ್ತೆ ಅನ್ನುವವರು, ನೋಡಲು ಬಂದರು. ಹಣ್ಣು ಕೊಟ್ಟರು, ನನ್ನ ಕೈ ಸವರಿದರು. ಆಮೇಲೆ ಪಕ್ಕದ ಕೋಣೆಯಲ್ಲಿ ಅತ್ತೆಗೆ ಹೇಳಿದರು. ಅವರ ಪಿಸುಮಾತು ಬೀದಿಗೆ ಕೇಳುವಂಥದ್ದು. "ದೇವರು ದೊಡ್ಡವನು, ಏನೂ ಆಗಲ್ಲ. ಆದರೂ ಏನಾದರೂ ಆದರೆ ಚಿಂತೆ ಮಾಡಬೇಡ. ಚೆಲ್ಲೆಲು ಇದ್ದಾಳಲ್ಲ. ಕೂಸಿಗೆ ಹೊಂದಿಕೊಂಡಿದ್ದಾಳೆ, ಹೊರಗಿನವಳು ಯಾಕೆ ಬರಬೇಕು?"

ಚೆಲ್ಲೆಲು ಅಂದರೆ ತಂಗಿ. ಅಕ್ಕ ಹೋದರೆ ತಂಗಿಯನ್ನು ಕೊಡುವುದು ನಮ್ಮ ಕಡೆಯೂ ಇದೆ, ಅವರ ಕಡೆಯೂ ಇದೆ. ನಮ್ಮ ಸಂಬಂಧದಲ್ಲೇ ಎರಡು ಮನೆಯಲ್ಲಿ ಆಗಿದೆ. ಅತ್ತೆ, "ಛೀ, ಊರುಕೋ ಅಕ್ಕಾ," ಅಂತ ಬಾಯಿ ಮುಚ್ಚಿಸಿದರು. ಆದರೆ ನಾನು ಕೇಳಿಯಾಗಿತ್ತು. ಕಾರಿನ ಹಿಂದೆ ಸ್ಟೆಪ್ನಿ ಇಟ್ಟ ಹಾಗೆ ಅವಳನ್ನು ಇಟ್ಟುಕೊಂಡಿದ್ದಾರೆ, ನಾನು ಪಂಕ್ಚರ್ ಆದ ಟೈರು ಅನಿಸಿತು. ಅಡುಗೆಮನೆಯಲ್ಲಿದ್ದ ಸವಿತಾಳಿಗೂ ಕೇಳಿಸಿರಬೇಕು. ಅಂದಿನಿಂದ ರಾಂಬಾಬು ಊಟಕ್ಕೆ ಕೂತರೆ ಅವಳು ಹಿತ್ತಲಿಗೆ ಹೋಗಿಬಿಡುತ್ತಿದ್ದಳು. ಅದನ್ನು ನೋಡಿದರೂ ನನಗೆ ಅನುಮಾನವೇ. ಏನೂ ಇಲ್ಲದಿದ್ದರೆ ಯಾಕೆ ತಪ್ಪಿಸಿಕೊಳ್ತಾಳೆ?

ಗಂಡನಿಗೆ ಒಂದು ದಿನ ಕೇಳಿಯೇಬಿಟ್ಟೆ. "ನಾ ಹೋದ ಮೇಲೆ ಸವಿತಾನ್ನ ಮಾಡ್ಕೋತೀರಾ?" ಆತ ಇಸ್ತ್ರಿ ಮಾಡುತ್ತಿದ್ದ ಅಂಗಿಯನ್ನು ಹಾಗೇ ಬಿಟ್ಟ. "ಪಿಚ್ಚಿ ಪಟ್ಟಿಂದಾ ನಿನಗೆ?" ಅಂದ. ಹುಚ್ಚು ಹಿಡಿಯಿತಾ ಅಂತ. ಅಂಗಿ ಸುಟ್ಟು ವಾಸನೆ ಬಂತು. ಆತನ ಕಣ್ಣಲ್ಲಿ ನೀರಿತ್ತು, ಆದರೂ ನನಗೆ ಸಮಾಧಾನವಾಗಲಿಲ್ಲ.

ಚೀಟಿ ಫೈಲಿನಲ್ಲೇ ಇತ್ತು. ದಿನವೂ ಆ ಫೈಲು ತೆಗೆಯುತ್ತಿದ್ದೆ, ಮಾತ್ರೆಗಳ ಪಟ್ಟಿ ಅದರಲ್ಲೇ ಇದ್ದದ್ದು. ಅವ್ವ ಬೇಡ ಅಂದಿದ್ದಾಳೆ ಅಂತ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಅದು ಸುಳ್ಳು. ಅವ್ವನ ಮಾತನ್ನು ನಾನು ಯಾವತ್ತು ಕೇಳಿದ್ದೇನೆ? ನಿಜ ಏನಂದರೆ, ಅವಳ ನೆಟ್ಟಗಿನ ಬೆನ್ನು, ಚಪ್ಪಟೆ ಹೊಟ್ಟೆ, ಅವಳ ಹಿಂದೆ ಓಡುವ ನನ್ನ ಮಗಳು, ಇದನ್ನೆಲ್ಲ ನೋಡಿದಾಗ ನಾಲಿಗೆ ಏಳುತ್ತಿರಲಿಲ್ಲ. ಇವಳಿಗೆ ಎಲ್ಲವೂ ಇದೆ, ಎಚ್ಚರಿಕೆಯ ಚೀಟಿಯೂ ಬೇಕಾ? ನನಗೆ ಯಾರು ಕೊಟ್ಟಿದ್ದರು ಚೀಟಿ? ಅವಳಿಗೆ ರೋಗ ಬರಲಿ ಅಂತ ನಾನು ಬಯಸಲಿಲ್ಲ, ದೇವರಾಣೆ. ಬರದಿರಲಿ ಅಂತಲೂ ಬಾಯಿಬಿಡಲಿಲ್ಲ. ನಾಲ್ಕು ತಿಂಗಳು ಹಾಗೇ ಹೋಯಿತು.

ಆ ಭಾನುವಾರ ಅತ್ತೆ ಗೋಂಗೂರ ಪಚ್ಚಡಿ, ಅಂದರೆ ಪುಂಡಿಸೊಪ್ಪಿನ ಖಾರದ ಚಟ್ನಿ, ಮಾಡಿದ್ದರು. ಸವಿತಾಳಿಗೆ ಅದೆಂದರೆ ಪ್ರಾಣ, ಬಂದ ಹೊಸದರಲ್ಲಿ ಬೆರಳು ನೆಕ್ಕುತ್ತಿದ್ದಳು. ಅಂದು ಪಚ್ಚಡಿ ಮುಟ್ಟದೆ ಅನ್ನಕ್ಕೆ ಮಜ್ಜಿಗೆ ಸುರಿದುಕೊಂಡಳು. ಲೋಟದಲ್ಲಿ ಕಾಮಕಸ್ತೂರಿ ಬೀಜ ನೆನೆಸಿಟ್ಟಿದ್ದಳು.

"ಯಾಕ, ಪಚ್ಚಡಿ ಬ್ಯಾಡೇನು?" ಅಂದೆ.

"ಬ್ಯಾಡ. ಉಷ್ಣ ಆಗೈತಿ," ಅಂದಳು ತಲೆಯೆತ್ತದೆ. "ನಿಮ್ಮ ಆಂಧ್ರದ ಖಾರ, ಇನ್ನೇನು."

ಅತ್ತೆ ಸುಮ್ಮನಿರುತ್ತಾರಾ? "ನಮ್ಮ ಖಾರ ಏನು ಮಾಡಿತು? ದಿನಾ ಆ ಜೋಳದ ರೊಟ್ಟಿ ತಟ್ಟಿಕೊಂಡು ತಿಂತಾಳೆ, ವೇಡಿ ಚೇಯದಾ ಮರಿ, ಉಷ್ಣ ಆಗದೆ ಇರ್ತದಾ?"

ನನ್ನ ಕೈಯ ತುತ್ತು ಕೈಯಲ್ಲೇ ಉಳಿಯಿತು. ಅದೇ ಮಾತು. ಅದೇ ಜಗಳ, ಅದೇ ಮಜ್ಜಿಗೆ, ನಾನು ಕೂತ ಜಾಗದಲ್ಲಿ ಈಗ ಅವಳು. ನನ್ನ ಒಂದು ವರ್ಷ ಹೋದದ್ದು ಹೀಗೇ ಶುರುವಾಗಿ.

"ಸವೀ, ರಕ್ತ ಹೊಂಟೈತೇನು?" ಅಂದೆ. ಅವಳು ಹಾಸಿನಿಯ ಕಡೆ, ಅತ್ತೆಯ ಕಡೆ ನೋಡಿ ಕೆಂಪಾದಳು. "ಎಷ್ಟು ದಿನ ಆತು?"

"ಎರಡು ಸಲ ಅಷ್ಟ. ಮೂಲವ್ಯಾಧಿ ಇರಬೇಕು. ನಿನಗ ಆರಾಮಿಲ್ಲದಾಗ ಅದೊಂದು ಯಾಕ ಹೇಳ್ಲಿ?"

ಎದ್ದು ಹೋಗಿ ಫೈಲು ತಂದೆ. ಹಿಂದಿನ ಕವರಿನಿಂದ ಚೀಟಿ ತೆಗೆದು ಅವಳ ತಟ್ಟೆಯ ಪಕ್ಕ ಇಟ್ಟೆ. ಓದಿದಳು. ಇನ್ನೊಮ್ಮೆ ಓದಿದಳು. ಟೀಚರ್ ಅಲ್ಲವಾ, ಕಣ್ಣು ಮೊದಲು ತಾರೀಕಿಗೇ ಹೋಗುತ್ತದೆ.

"ನಾಕು ತಿಂಗಳ ಹಿಂದಿಂದು," ಅಂದಳು.

"ಅವ್ವ ಬ್ಯಾಡ ಅಂದ್ಲು. ನಿನ್ನ ಲಗ್ನ..."

"ಅವ್ವನ ಸುದ್ದಿ ಬಿಡು. ನೀ ಯಾಕ ಹೇಳಲಿಲ್ಲ?"

ಸುಳ್ಳು ಹೇಳಬಹುದಿತ್ತು. ನಾಲ್ಕು ತಿಂಗಳಿನಿಂದ ಹೇಳುತ್ತಿದ್ದವಳಿಗೆ ಇನ್ನೊಂದು ಕಷ್ಟವಲ್ಲ. ಆದರೆ ಬಾಯಿಂದ ನಿಜ ಬಂತು. "ನಿನ್ನ ಕಂಡ್ರ ನನಗ ಹೊಟ್ಟಿ ಉರೀತಿತ್ತು, ಸವೀ. ನನ್ನ ಮಗಳು ನಿನ್ನ ಮಗಳಾದ್ಲು. ನಾ ಸತ್ರ ನನ್ನ ಗಂಡನೂ ನಿನ್ನ ಗಂಡ ಆಗ್ತಾನ ಅಂತ ಮಾತಾಡಿದ್ರು. ನಿನಗ ಎಲ್ಲಾ ನೆಟ್ಟಗ ಐತಿ. ಅದಕ್ಕ ಹೇಳಲಿಲ್ಲ."

ಅವಳು ಎದ್ದು ನಿಂತಳು. ಕೈ ತೊಳೆದಿರಲಿಲ್ಲ. ಅವಳು ಹುಟ್ಟಿದಾಗಿನಿಂದ ಅಷ್ಟು ಜೋರಾಗಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. "ನಾ ಇಲ್ಲಿ ಯಾಕ ಬಂದೀನಂತ ಮಾಡಿ? ನಿನ್ನ ಗಂಡನ್ನ ಕಸಗೊಳ್ಳಾಕ? ನನ್ನ ನೌಕರಿ ಬಿಟ್ಟು, ಮಂದಿ ಮನ್ಯಾಗ ಮೂಲ್ಯಾಗ ಕುಂತು ಉಂಡು, ನಿನ್ನ ಕೂಸಿಗೆ ದಿನಾ 'ನಿಮ್ಮವ್ವ ಬರ್ತಾಳ, ನಿಮ್ಮವ್ವ ಬರ್ತಾಳ' ಅಂತ ಕನ್ನಡದಾಗ ಹೇಳಿಕೊಟ್ಟಿದ್ದು ಇದಕ್ಕೇನು?" ಹಾಸಿನಿ ಅಳಲು ಶುರುಮಾಡಿತು. ಇಬ್ಬರ ಮುಖ ನೋಡಿ ಯಾರ ಹತ್ತಿರ ಹೋಗಬೇಕು ತಿಳಿಯದೆ ನಡುವೆ ನಿಂತಿತ್ತು. ಸವಿತಾ ಅದನ್ನು ಹೆಗಲಿಗೆ ಹಾಕಿಕೊಂಡು ಹೊರಗೆ ಹೋದಳು.

ಅತ್ತೆಗೆ ಕನ್ನಡ ತಿಳಿಯಲ್ಲ ಅಂತ ನಾವು ಅಂದುಕೊಂಡಿದ್ದೆವು. ಆಕೆ ತಟ್ಟೆಗಳನ್ನು ಎತ್ತುತ್ತಾ, "ರೈಲು ಟಿಕೆಟ್ ನೋಡು. ಮಗೂನ ನಾನು ನೋಡಿಕೊಳ್ತೀನಿ," ಅಂದರು. ಪಚ್ಚಡಿಯ ಬಟ್ಟಲನ್ನು ಮುಚ್ಚಿಟ್ಟರು.

ಅದೇ ವಾರ ನಾವಿಬ್ಬರೂ ವಿಶಾಖಪಟ್ನಂ ರೈಲಿನಲ್ಲಿದ್ದೆವು. ವಿಜಯವಾಡದಿಂದ ಅಲ್ಲಿಯವರೆಗೆ ಅವಳು ನನ್ನ ಜತೆ ಒಂದು ಮಾತೂ ಆಡಲಿಲ್ಲ. ಆದರೆ ನಾನು ಚೀಲ ಖಾಲಿ ಮಾಡಲು ಎದ್ದಾಗ ಅವಳೂ ಎದ್ದು ಪಾಯಿಖಾನೆಯ ಬಾಗಿಲಲ್ಲಿ ನೀರಿನ ಬಾಟಲಿ ಹಿಡಿದು ನಿಂತಳು. ಮಾತು ಬಿಟ್ಟಿದ್ದಳು, ನನ್ನನ್ನು ಬಿಟ್ಟಿರಲಿಲ್ಲ.

ಅಲ್ಲಿನ ದ್ವಾರಕಾ ನಗರದಲ್ಲಿ ಒಂದು ಲಾಡ್ಜು ಹಿಡಿದೆವು. ರೂಮಿನೊಳಗೇ ಬಾತ್‌ರೂಮು ಇದೆಯಾ ಅಂತ ನಾನು ಮೂರು ಸಲ ಕೇಳಿದ್ದಕ್ಕೆ ಕೌಂಟರಿನವನು ವಿಚಿತ್ರವಾಗಿ ನೋಡಿದ. ಪರೀಕ್ಷೆಯ ಹಿಂದಿನ ದಿನ ಹೊಟ್ಟೆ ತೊಳೆಯುವ ಪುಡಿ ಕದಡಿದ ನೀರನ್ನು ಜಗ್ಗಟ್ಟಲೆ ಕುಡಿಯಬೇಕು, ಸಮುದ್ರದ ನೀರಿಗೆ ಯಾರೋ ಬೆಲ್ಲ ಹಾಕಿದ ಹಾಗಿರುತ್ತದೆ. ಅದರಲ್ಲಿ ನಾನು ಪಾರಂಗತಳು. ಐಸು ತರಿಸಿದೆ, ನಿಂಬೆಹಣ್ಣು ಕೊಯ್ದು ಪ್ರತಿ ಲೋಟದ ನಂತರ ನೆಕ್ಕಲು ಕೊಟ್ಟೆ, ಮೂಗು ಹಿಡಿದುಕೋ ಅಂದೆ. ಸಂಜೆ ಐದಕ್ಕೆ ಶುರುವಾದ ಓಡಾಟ ಏಳಾದರೂ ನಿಲ್ಲಲಿಲ್ಲ. ಎಂಟನೇ ಸಲವೋ ಒಂಬತ್ತನೇ ಸಲವೋ ಹೊರಗೆ ಬಂದವಳು ನನ್ನ ಹೊಟ್ಟೆಯ ಕಡೆ ನೋಡಿ ಅಂದಳು: "ಅಕ್ಕ, ಇವತ್ತು ಮಾತ್ರ ನಿನ್ನ ಚೀಲ ಕಂಡು ನನಗ ಹೊಟ್ಟಿ ಉರಿಯಾಕ ಹತ್ತೈತಿ." ನಾವಿಬ್ಬರೂ ಮಂಚದ ಮೇಲೆ ಬಿದ್ದು ಬಿದ್ದು ನಕ್ಕೆವು. ನಗು ಮುಗಿದ ಮೇಲೆ ಅವಳು ಮತ್ತೆ ಮಾತು ಬಿಟ್ಟಳು.

ಮರುದಿನ ಅದೇ ಕಾಯುವ ಕೋಣೆ. ಮೇಷ್ಟ್ರಿಗಾಗಿ ಕಣ್ಣಾಡಿಸಿದೆ, ಕಾಣಲಿಲ್ಲ. ಅವರ ಸರದಿ ಮುಗಿದು ಊರಿಗೆ ಹೋಗಿರಬೇಕು ಅಂದುಕೊಂಡೆ, ಹಾಗೇ ಇರಲಿ ಅಂತ ಬೇಡಿಕೊಂಡೆ. ಪಕ್ಕದ ಹೆಂಗಸು ಕೇಳಿದಳು, "ಯಾರಿಗಮ್ಮಾ?"

"ತಂಗಿಗೆ," ಅಂದೆ.

ಆ ಕೋಣೆಯಲ್ಲಿ ಅಷ್ಟು ದಿನ ಕೂತಿದ್ದೆನಲ್ಲ, ನನಗಾಗಿ ಕೂತಾಗ ಅಂದಿನಷ್ಟು ಹೆದರಿರಲಿಲ್ಲ. ನಾಲ್ಕು ತಿಂಗಳು ಅಂದರೆ ನೂರಿಪ್ಪತ್ತು ದಿನ. ಯಾವ ದಿನ ಹೇಳಿದ್ದರೂ ಆಗುತ್ತಿತ್ತು. ಒಳಗೆ ಏನಾದರೂ ಕಂಡರೆ ನಾನು ಯಾವ ಮುಖ ಹೊತ್ತು ಅವಳ ಎದುರು ನಿಲ್ಲಲಿ? ದೇವರೇ, ಬೇಕಾದರೆ ನನ್ನ ಮಗಳನ್ನು ಅವಳೇ ಇಟ್ಟುಕೊಳ್ಳಲಿ, ಅವಳಿಗೇನೂ ಆಗದಿರಲಿ ಅಂದೆ. ಅಂದ ತಕ್ಷಣವೇ, ಮಗಳ ಮಾತು ವಾಪಸ್ ತಗೊಂಡೆ, ಬೇರೆ ಏನಾದರೂ ತಗೋ ಅಂದೆ.

ಮೇಡಂ ಒಳಗೆ ಕರೆದರು. ಸವಿತಾ ಮಂಪರಿನಲ್ಲಿ ಮಲಗಿದ್ದಳು. "ಮೂರು ಗಂಟುಗಳಿದ್ದವು. ಒಂದು ದೊಡ್ಡದು. ಮೂರನ್ನೂ ಈಗಲೇ ತೆಗೆದಿದ್ದೇನೆ. ಪರೀಕ್ಷೆಗೆ ಕಳಿಸ್ತೀವಿ, ಆದರೆ ನೋಡಿದರೆ ಇನ್ನೂ ಕೆಟ್ಟದ್ದಾಗಿರಲಿಲ್ಲ. ಎರಡು ಮೂರು ವರ್ಷ ಬಿಟ್ಟಿದ್ದರೆ ನಾನು ಈ ಮಾತು ಹೇಳುತ್ತಿರಲಿಲ್ಲ. ಸಂಜೆ ಮನೆಗೆ ಹೋಗಬಹುದು, ರಾತ್ರಿ ಇಡ್ಲಿ ತಿನ್ನಲಿ."

ಇಷ್ಟೇನಾ! ಅರ್ಧ ಗಂಟೆ, ಒಂದು ತಂತಿ, ಸಂಜೆಗೆ ಮನೆ, ಇಡ್ಲಿ. ನನಗೆ ಸಮಾಧಾನವಾಗಬೇಕಿತ್ತು. ಆಯಿತು ಕೂಡ, ಮಂಚದ ಕಂಬಿ ಹಿಡಿದುಕೊಂಡೆ. ಆದರೆ ಅದಕ್ಕೂ ಒಂದು ಕ್ಷಣ ಮುಂಚೆ ಬಂದದ್ದು ಅದೇ ಹಳೆಯದು. ನನಗೆ ಯಾಕೆ ಹೀಗೆ ಆಗಲಿಲ್ಲ? ನನ್ನದೂ ಒಂದು ಕಾಲಕ್ಕೆ ಇಷ್ಟೇ ಇತ್ತಲ್ಲ, ತಂತಿಯ ತುದಿಯಲ್ಲಿ ಕಿತ್ತು ಬಿಸಾಡುವಷ್ಟು. ಆವಾಗ ನಾನು ಮಜ್ಜಿಗೆ ಕುಡಿಯುತ್ತಿದ್ದೆ.

ನಾನು ಇದರಲ್ಲೇ ಮುಳುಗಿದ್ದಾಗ ಮಂಚದಿಂದ ದನಿ ಬಂತು. ಸವಿತಾಳ ಕಣ್ಣು ಅರ್ಧ ಮುಚ್ಚಿದ್ದವು, ನಾಲಿಗೆ ತೊದಲುತ್ತಿತ್ತು. ಅರೆಬರೆ ತೆಲುಗಿನಲ್ಲಿ ಕೇಳಿದಳು: "ಮೇಡಂ... ಪಾಪಕಿ? ಅಕ್ಕನ ಪಾಪಕಿ ಯಾವಾಗ ಮಾಡಿಸಬೇಕು?"

ಮಗುವಿಗೆ ಯಾವಾಗ ಅಂತ.

ಮೇಡಂ ಲೆಕ್ಕ ಹಾಕಿದರು. "ಅಕ್ಕನಿಗೆ ಗೊತ್ತಾದದ್ದು ಮೂವತ್ಮೂರಕ್ಕೆ. ಹಾಗಾದರೆ ಹುಡುಗಿಗೆ ಇಪ್ಪತ್ಮೂರಕ್ಕೆ ಮೊದಲನೇದು. ಮರೆಯಬಾರದು."

ರಕ್ತಸಂಬಂಧದವರು ಅಂತ ಮೇಡಂ ಅಂದೇ ಹೇಳಿದ್ದರು. ನಾಲ್ಕು ತಿಂಗಳು ಆ ಚೀಟಿಯನ್ನು ನೋಡಿ ನೋಡಿ ಇಟ್ಟಿದ್ದೆ. ಹಾಸಿನಿ ಯಾರ ಮಗಳು, ಯಾರ ಮಗ್ಗುಲಲ್ಲಿ ಮಲಗುತ್ತಾಳೆ, ಯಾರನ್ನು ಹೆಚ್ಚು ಕರೆಯುತ್ತಾಳೆ ಅಂತ ನೂರು ಸಲ ಎಣಿಸಿದ್ದೆ. ಈ ಒಂದು ಪ್ರಶ್ನೆ ನನಗೆ ಹೊಳೆದಿರಲಿಲ್ಲ. ಅರೆಪ್ರಜ್ಞೆಯಲ್ಲಿದ್ದವಳಿಗೆ ಹೊಳೆಯಿತು. ಅವಳ ಕಾಲ ಬಳಿ ಕೂತು ಹೊದಿಕೆ ಸರಿಮಾಡಿದೆ. ಬೇರೇನು ಮಾಡಬೇಕು ತಿಳಿಯಲಿಲ್ಲ.

ಹತ್ತು ದಿನಕ್ಕೆ ರಿಪೋರ್ಟು ಬಂತು. ಕ್ಯಾನ್ಸರ್ ಅಲ್ಲ, ಆದರೆ ಆಗುವ ದಾರಿಯಲ್ಲಿತ್ತು. ಇನ್ನು ಅವಳು ಮೇಡಂ ಹೇಳಿದ ಹೊತ್ತಿಗೆ ಹೋಗಿ ನೋಡಿಸಿಕೊಳ್ಳುತ್ತಿರಬೇಕು. ಸವಿತಾ ಅವ್ವನಿಗೆ ತಾನೇ ಫೋನು ಮಾಡಿ, ಇನ್ನು ಮೇಲೆ ಯಾರು ಕೇಳಿದರೂ ಅಕ್ಕನಿಗೆ ಕ್ಯಾನ್ಸರ್ ಅಂತಲೇ ಹೇಳು, ನನಗೆ ಟೆಸ್ಟು ಆಗಿದೆ ಅಂತಲೂ ಹೇಳು, ಅದನ್ನು ಕೇಳಿ ಓಡಿಹೋಗುವವನು ನನಗೂ ಬೇಡ ಅಂದಳು. ಅವ್ವ ಎರಡು ದಿನ ಊಟ ಬಿಟ್ಟು ಮೂರನೇ ದಿನ ಉಂಡಳು.

ನನ್ನ ಕೊನೆಯ ಕೀಮೋ ಮುಗಿದ ಮೇಲೆ ಸವಿತಾ ಊರಿಗೆ ಹೊರಟಳು. ವಿಜಯವಾಡ ಸ್ಟೇಷನ್ನಿನಲ್ಲಿ ಗುಂತಕಲ್ ಕಡೆಯ ರೈಲು. ಹಾಸಿನಿ ಅವಳ ಜಡೆ ಹಿಡಿದುಕೊಂಡು, "ಹೋಗಬ್ಯಾಡ ಪಿನ್ನಿ, ಹೋಗಬ್ಯಾಡ," ಅಂತ ಪ್ಲಾಟ್‌ಫಾರಮ್ಮೆಲ್ಲ ಕೇಳುವ ಹಾಗೆ ಕಿರುಚುತ್ತಿತ್ತು. ಉರಿಯಿತಾ ಅಂತ ಕೇಳಿದರೆ, ಉರಿಯಿತು. ರಾಂಬಾಬು ಅದನ್ನು ಬಿಡಿಸಿ ಎತ್ತಿಕೊಂಡ.

ಸವಿತಾ ಒಳಗೆ ಕೂತು ಕಿಟಕಿಯಿಂದ ಕೈಚಾಚಿದಳು. "ಆ ಚೀಟಿ ಕೊಡು."

ಕೊಟ್ಟೆ. ಪರ್ಸಿನಿಂದ ಪೆನ್ನು ತೆಗೆದು ಮೇಡಂ ಸಹಿಯ ಕೆಳಗೆ ತನ್ನ ಟೀಚರ್ ಅಕ್ಷರದಲ್ಲಿ ಬರೆದಳು: ಹಾಸಿನಿ, ಇಪ್ಪತ್ಮೂರನೇ ವರ್ಷಕ್ಕೆ. ಫೋನಿನಲ್ಲಿ ಅದರ ಫೋಟೋ ತೆಗೆದುಕೊಂಡು ಚೀಟಿಯನ್ನು ನನಗೆ ವಾಪಸ್ ಕೊಟ್ಟಳು. "ನೀ ಹೇಳಲಿಲ್ಲಾಂದ್ರ ನಾ ಹೇಳ್ತೀನಿ," ಅಂದಳು. ಕ್ಷಮಿಸಿದ್ದೇನೆ ಅಂತ ಅವಳು ಯಾವತ್ತೂ ಅಂದಿಲ್ಲ, ಅವತ್ತೂ ಅನ್ನಲಿಲ್ಲ.

ರೈಲು ಕೂಗಿತು. ಹಾಸಿನಿಗೆ ಆಗ ಆರು. ಇನ್ನೂ ಹದಿನೇಳು ವರ್ಷ. ನಾವಿಬ್ಬರೂ ಮನಸ್ಸಿನಲ್ಲಿ ಅದನ್ನೇ ಲೆಕ್ಕ ಹಾಕಿದೆವು ಅಂತ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಕಿಟಕಿಯ ಸರಳಿಗೆ ಹಣೆ ಹಚ್ಚಿ ಅವಳು ಮೆಲ್ಲಗೆ ಕೇಳಿದಳು, "ಅಲ್ಲೀತನಕ ಇರ್ತೀ ಅಲ್ಲ ಅಕ್ಕ?"

"ಇರದ ಏನು?" ಅಂದೆ. "ನನ್ನ ಮಗಳನ್ನ ನಿನಗ ಬಿಟ್ಟು ಹೋಗ್ತೀನಂತ ಮಾಡಿಯೇನು?"

ಅವಳು ಅಳುತ್ತಾ ನಕ್ಕಳು. ರೈಲು ಹೊರಟಿತು. ಹಾಸಿನಿಯನ್ನು ರಾಂಬಾಬುವಿನ ಕೈಯಿಂದ ತೆಗೆದುಕೊಂಡು, ಚೀಲಕ್ಕೆ ತಾಗದ ಹಾಗೆ ಬಲಸೊಂಟದ ಮೇಲೆ ಕೂರಿಸಿಕೊಂಡು, ಇಬ್ಬರೂ ಕೈಬೀಸಿದೆವು.